ನೆಲ ತೆರೆದಿರುವಾಗಲೇ

ಪುಟ್ಟಾ, ಮೊದಲು ನಿನ್ನ ಹೆಂಡತಿಯ ಮೂಗನ್ನು ನಂಬು. ನಿನ್ನೆ ಫೋನಿನಲ್ಲಿ ಹೊಸ ಮನೆಯ ಸುದ್ದಿಯೆಲ್ಲ ಹೇಳಿ ಮುಗಿಸಿ, ಇಡೋ ಹೊತ್ತಿಗೆ, "ಚಿಕ್ಕಮ್ಮ, ಇವಳೊಬ್ಬಳು ಆ ಹಿಂದಿನ ಕೋಣೆಯಲ್ಲಿ ವಾಸನೆ ವಾಸನೆ ಅಂತಾಳೆ, ನನಗೇನೂ ಗೊತ್ತಾಗ್ತಿಲ್ಲ, ಬಸುರಿಯಲ್ಲಿ ಹೀಗೆಲ್ಲ ಆಗುತ್ತಂತಲ್ಲ" ಅಂದೆ. ಆಗುತ್ತೆ, ನಿಜ. ನನಗೆ ಐದು ತಿಂಗಳಾಗಿದ್ದಾಗ ಪಕ್ಕದ ಮನೆಯ ಒಗ್ಗರಣೆಯಲ್ಲಿ ಸಾಸಿವೆ ಸೀದರೆ ಗೊತ್ತಾಗ್ತಿತ್ತು. ಆದರೆ ಆ ಸಾಸಿವೆ ಸೀದೇ ಇರ್ತಿತ್ತು. ಬಸುರಿಯ ಮೂಗು ಇರೋ ವಾಸನೆಯನ್ನು ದೊಡ್ಡದು ಮಾಡಿ ತೋರಿಸುತ್ತೆ, ಅಷ್ಟೆ. ಆ ಕೋಣೆಯಲ್ಲಿ ಎರಡು ಬೆಕ್ಕು ಎಷ್ಟೋ ವರ್ಷ ಇದ್ದವು ಅಂತ ನೀನೇ ಹೇಳಿದೆ. ನೀನು ಆ ಕೋಣೆಯ ಕಾರ್ಪೆಟ್ಟನ್ನು ಮೂರು ಗಂಟೆ ಹೊತ್ತು ಕಿತ್ತೆ. ಹತ್ತು ನಿಮಿಷಕ್ಕೆ ಮೂಗು ಯಾವ ವಾಸನೆಗಾದರೂ ಒಗ್ಗಿಕೊಳ್ಳುತ್ತೆ ಕಣೋ. ಅವಳು ಬಾಗಿಲಲ್ಲಿ ನಿಂತು ಹೇಳಿದಳು, ನೀನು ಒಳಗೆ ಕೂತು ಇಲ್ಲ ಅಂದೆ. ಅವಳ ಮಾತೇ ಸರಿ.

ಶನಿವಾರ ಓಕ್ ಹಲಗೆ ಹಾಕೋಕೆ ಕೆಲಸದವರು ಬರ್ತಾರೆ ಅಂದೆಯಲ್ಲ, ಅವರಿಗೆ ಇವತ್ತೇ ಫೋನ್ ಮಾಡಿ ಮೂರು ವಾರ ಮುಂದಕ್ಕೆ ಹಾಕು. ಮುಂಗಡ ಹೋದರೂ ಹೋಗಲಿ. ಕಾರ್ಪೆಟ್ ಕಿತ್ತು, ಕೆಳಗಿನ ಪ್ಲೈವುಡ್ ಬರಿದಾಗಿ ಕಾಣ್ತಿರೋ ಈ ಕೆಲವು ದಿನ ಇದೆಯಲ್ಲ, ಆ ಮನೆಯಲ್ಲಿ ನೀವಿರೋಷ್ಟು ಕಾಲವೂ ಇದು ಮತ್ತೆ ಸಿಗೋದಿಲ್ಲ. ಮೇಲೆ ಓಕ್ ಕೂತು ಮೊಳೆ ಹೊಡೆದ ಮೇಲೆ ಒಳಗೆ ಏನಿದ್ದರೂ ಅದು ಒಳಗೇ. ಬಾಣಂತನಕ್ಕೆ ನಿನ್ನ ಅತ್ತೆ ಬರ್ತಾರೆ, ಆ ಹಿಂದಿನ ಕೋಣೆಯನ್ನೇ ಬಾಣಂತಿ ಕೋಣೆ ಮಾಡ್ತೀವಿ ಅಂದೆ. ಹೆರಿಗೆ ಆಗಸ್ಟಿಗೆ. ಓಹಾಯೋದ ಆಗಸ್ಟ್ ಹೇಗಿರುತ್ತೆ ಅಂತ ನಿನಗಿನ್ನೂ ಗೊತ್ತಿಲ್ಲ. ಬೆವರು ಆರದ ಸೆಕೆ. ಅದರಲ್ಲೂ ಕಿಟಕಿ ಬಾಗಿಲು ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ ಕೂರಿಸ್ತಾರೆ ನಿಮ್ಮ ಅತ್ತೆ. ಆ ಮುಚ್ಚಿದ ಕೋಣೆಯಲ್ಲಿ ನೆಲದಿಂದ ಏನು ಮೇಲೆದ್ದು ಬರುತ್ತೋ ಅದನ್ನೇ ಆ ಹಸುಗೂಸು ಹಗಲೂ ರಾತ್ರಿ ಉಸಿರಾಡಬೇಕು.

ಈಗ ಮಾರ್ಚಿನಲ್ಲಿ ಹೀಟರ್ ಹಾಕಿ ಮನೆಯೆಲ್ಲ ಒಣಗಿದೆ, ಅದಕ್ಕೇ ವಾಸನೆ ಅಡಗಿ ಕೂತಿದೆ. ನಮಗೂ ಹೀಗೇ ಆಗಿದ್ದು. ನಾವು ಮಿಶಿಗನ್‌ನಲ್ಲಿ ಮನೆ ತಗೊಂಡಿದ್ದು 1998ರ ಜನವರಿಯಲ್ಲಿ. ಹಿಂದಿನವರಿಗೆ ಒಂದು ದೊಡ್ಡ ನಾಯಿ ಇತ್ತು. ಕಾರ್ಪೆಟ್ ತೆಗೆಸಿದಾಗ ಸ್ವಲ್ಪ ಘಾಟು ಇತ್ತು ನಿಜ, ನೆಲ ಹಾಕೋಕೆ ಬಂದಾತ, "ಎರಡು ಕೋಟ್ ಮಾಮೂಲಿ ಪೇಂಟ್ ಹೊಡೆದು ಮುಚ್ಚಿದರೆ ಸಾಕು" ಅಂದ. ಹೊಡೆಸಿದೆವು, ಮೇಲೆ ಲ್ಯಾಮಿನೇಟ್ ಹಾಕಿಸಿದೆವು. ಫೆಬ್ರವರಿ, ಮಾರ್ಚ್, ಏಪ್ರಿಲ್, ಏನೂ ಇಲ್ಲ. ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಹಿಂದಿನ ರಾತ್ರಿ ಜೋರು ಮಳೆ. ಬೆಳಗ್ಗೆ ಕಲಶ ಕೂರಿಸಿ ಎದ್ದರೆ ಕೋಣೆಯಲ್ಲಿ ಏನೋ ಕಮಟು. ಹೂವಿನ ನೀರು ಕೊಳೆತಿದೆಯೇನೋ ಅಂತ ಚೆಲ್ಲಿದೆ. ಬಚ್ಚಲ ಡ್ರೈನ್ ಇರಬಹುದು ಅಂತ ನೀರು ಸುರಿದೆ. ಊದುಬತ್ತಿ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ಅರಿಶಿನ ಕುಂಕುಮಕ್ಕೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಜಾಸ್ತಿ ನೋವಾಯಿತು.

ಆಗಿನ ಲ್ಯಾಮಿನೇಟನ್ನು ಒಂದಕ್ಕೊಂದು ಅಂಟು ಹಾಕಿ ಕೂಡಿಸ್ತಿದ್ದರು, ಕಿತ್ತರೆ ಮತ್ತೆ ಹಾಕೋಕೆ ಬರ್ತಿರಲಿಲ್ಲ. ಎಲ್ಲ ಕಿತ್ತು ಬಿಸಾಕಿದೆವು. ಹಿತ್ತಿಲಿಗೆ ಹೋಗೋ ಗಾಜಿನ ಬಾಗಿಲ ಮುಂದೆ, ಎರಡಡಿಗೆ ಮೂರಡಿ ಜಾಗದಲ್ಲಿ ಪ್ಲೈವುಡ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೇಲೆ ಬಳಿದ ಬಿಳಿ ಪೇಂಟಿನಲ್ಲೂ ಹಳದಿ ಮೇಲೆದ್ದು ಬಂದಿತ್ತು. ಬಾಗಿಲ ಚೌಕಟ್ಟನ್ನು ನೋಡಿದರೆ ಕೆಳಗೆ ಒಂದಡಿ ಎತ್ತರದವರೆಗೆ ಉಗುರಿನ ಗೀರು. ಪಾಪ, ಆ ನಾಯಿ ಬಾಗಿಲು ತೆಗೆಯಲಿ ಅಂತ ಕೆರೆದು ಕೆರೆದು, ಯಾರೂ ಬರದೆ, ತಡೆಯಲಾರದೆ ಅಲ್ಲೇ ಮಾಡಿತ್ತು. ಒಂದು ದಿನವಲ್ಲ, ವರ್ಷಗಟ್ಟಲೆ. ಅವತ್ತಿನಿಂದ ನನಗೆ ಇಂಥ ನೆಲ ನೋಡಿದರೆ ಆ ಪ್ರಾಣಿಗಳ ಮೇಲೆ ಸಿಟ್ಟು ಬರೋದಿಲ್ಲ. ನೀನೂ ಮನೆ ಮಾರಿದ ಆ ಅಜ್ಜಿಯನ್ನು ಬೈಕೊಳ್ಳಬೇಡ. ಮಂಡಿ ನೋವಿನವರು, ಬಗ್ಗಿ ನೆಲ ಒರೆಸೋಕೆ ಆಗಿರೋದಿಲ್ಲ. ಬೆಕ್ಕಿಗೂ ವಯಸ್ಸಾಗಿರುತ್ತೆ.

ಚನ್ನಪಟ್ಟಣದ ಹತ್ತಿರ ನಮ್ಮಜ್ಜಿ ಮನೆಯ ಕೊಟ್ಟಿಗೆ ನಿನಗೆ ನೆನಪಿಲ್ಲ, ನೀನು ಚಿಕ್ಕವನು. ಆರು ದನ. ನೆಲಕ್ಕೆ ಚಪ್ಪಡಿ ಕಲ್ಲು, ಒಂದು ಕಡೆಗೆ ವಾಟ. ಗಂಜಲ ತಾನಾಗೇ ಹರಿದು ತಿಪ್ಪೆಗುಂಡಿಗೆ ಹೋಗ್ತಿತ್ತು. ಬೆಳಗ್ಗೆ ಅಜ್ಜಿ ಎರಡು ಕೊಡ ನೀರು ಸುರಿದು ಪರಕೆಯಲ್ಲಿ ಗುಡಿಸಿದರೆ ಮುಗೀತು. ನಾವು ಅಂಥ ನೆಲದಲ್ಲಿ ಬೆಳೆದವರು, ಗಾರೆ ನೆಲ, ಮೊಸಾಯಿಕ್, ಟೈಲ್ಸ್. ತೊಳೆದರೆ ಹೋಗುತ್ತೆ ಅನ್ನೋದು ನಮ್ಮ ರಕ್ತದಲ್ಲೇ ಇದೆ. ಅಮೆರಿಕದ ಮನೆಯ ನೆಲ ಬೇರೆ. ತೊಲೆಗಳ ಮೇಲೆ ಮುಕ್ಕಾಲು ಇಂಚಿನ ಪ್ಲೈವುಡ್ಡೋ ಒಎಸ್‌ಬಿ ಹಲಗೆಯೋ ಹಾಸಿ, ಅದರ ಮೇಲೆ ಸ್ಪಂಜಿನಂಥ ಪ್ಯಾಡ್, ಅದರ ಮೇಲೆ ಕಾರ್ಪೆಟ್. ಕಾರ್ಪೆಟ್ ಮೇಲೆ ಅಂಗೈಯಗಲ ಕಂಡರೆ ಪ್ಯಾಡಿನಲ್ಲಿ ಅದು ತಟ್ಟೆಯಗಲ ಹರಡಿರುತ್ತೆ, ಕೆಳಗಿನ ಮರ ಅದನ್ನು ಪೂರ್ತಿ ಕುಡಿದಿರುತ್ತೆ. ಮರ ಕುಡಿದದ್ದನ್ನು ಪರಕೆಯಲ್ಲಿ ಗುಡಿಸೋಕಾಗೋದಿಲ್ಲ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ದುಡಿದವಳು, ಮೂತ್ರದ ಪರೀಕ್ಷೆ ಎಷ್ಟು ಮಾಡಿದ್ದೀನೋ ಲೆಕ್ಕವಿಲ್ಲ. ಹೊಸದಾಗಿ ತಂದ ಸ್ಯಾಂಪಲ್ಲಿಗೆ ಅಂಥ ವಾಸನೆ ಇರೋದಿಲ್ಲ. ಫ್ರಿಜ್ಜಿಗೆ ಹಾಕೋದು ಮರೆತು ಹೊರಗೇ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ಅದರಲ್ಲಿರೋ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತೆ. ಆಗ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು. ನೆಲದಲ್ಲೂ ಇದೇ ಆಗೋದು. ನೀರಿನಂಶ ಆರುತ್ತೆ, ಉಪ್ಪು, ಹರಳು ಮರದ ಎಳೆಯೊಳಗೆ ಉಳಿಯುತ್ತೆ. ಆ ಉಪ್ಪಿಗೆ ಗಾಳಿಯ ತೇವ ಎಳೆದುಕೊಳ್ಳೋ ಗುಣ. ಮಳೆಗಾಲದಲ್ಲಿ ಉಪ್ಪಿನ ಜಾಡಿ ಒದ್ದೆಯಾಗೋ ಹಾಗೆ ಅದೂ ಒದ್ದೆಯಾಗಿ ಮತ್ತೆ ನಾರುತ್ತೆ. ನಮ್ಮ ಹಬ್ಬದ ದಿನ ಆಗಿದ್ದು ಅದೇ. ಬೆಕ್ಕಿನದಾದರೆ ಇನ್ನೂ ಒಂದು ಕೈ ಮೇಲೆ. ಅದರಲ್ಲಿ ಫೆಲಿನೈನ್ ಅನ್ನೋ ಗಂಧಕದ ಅಂಶವಿರೋ ಅಮೈನೋ ಆಮ್ಲ ಇರುತ್ತೆ, ಬೀಜ ಒಡೆಸದ ಗಂಡು ಬೆಕ್ಕಿನಲ್ಲಂತೂ ಬಹಳ. ಅದು ಕಾಲಕ್ರಮದಲ್ಲಿ ಒಡೆದು ಥಯಾಲ್ ಅನ್ನೋ ವಸ್ತು ಆಗುತ್ತೆ. ಅಡುಗೆ ಗ್ಯಾಸ್ ಸೋರಿದರೆ ಗೊತ್ತಾಗಲಿ ಅಂತ ಬೆರೆಸ್ತಾರಲ್ಲ, ಅದೇ ಜಾತಿ. ಒಂದು ಚೂರಿದ್ದರೂ ಮೂಗಿಗೆ ಹೊಡೆಯುತ್ತೆ.

ಈಗ ಕೆಲಸಕ್ಕೆ ಬಾ. ಕೈ ಹಾಕೋ ಮೊದಲು ಒಂದು ಮಾತು. ನಿಮ್ಮ ಮನೆ 1974ರದ್ದು ಅಂದೆ. ಕಾರ್ಪೆಟ್ಟಿನ ಕೆಳಗೆ ಎಲ್ಲಾದರೂ ಒಂಬತ್ತಿಂಚಿನ ಚೌಕದ ಹಳೇ ವಿನೈಲ್ ಟೈಲ್ ಅಥವಾ ಡಾಂಬರಿನಂಥ ಕಪ್ಪು ಅಂಟು ಕಂಡರೆ ಕೆರೆಯಬೇಡ, ಉಜ್ಜಬೇಡ. ಅದರಲ್ಲಿ ಆಸ್ಬೆಸ್ಟಾಸ್ ಇರೋ ಸಾಧ್ಯತೆ ಇದೆ, ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು. 1978ರಲ್ಲಿ ಅಮೆರಿಕದಲ್ಲಿ ಮನೆಗಳಿಗೆ ಸೀಸದ ಪೇಂಟ್ ಬಳಿಯೋದನ್ನು ನಿಷೇಧಿಸಿದರು, ನಿಮ್ಮದು ಅದಕ್ಕಿಂತ ಹಳೇದು. ಹಾಗಾಗಿ ಗೋಡೆ ಬುಡದ ಬೇಸ್‌ಬೋರ್ಡ್ ಹಳೇ ಪೇಂಟಿನದಾದರೆ ಅದನ್ನೂ ಪರೀಕ್ಷೆ ಮಾಡಿಸದೆ ಕೆರೆದು ಪುಡಿ ಎಬ್ಬಿಸಬೇಡ. ಹೊಟ್ಟೆಯಲ್ಲಿರೋ ಮಗುವಿಗೆ ಸೀಸದಂಥ ಶತ್ರು ಇಲ್ಲ. ಈ ಕೆಲಸ ನಡೆಯೋಷ್ಟು ದಿನ ಅವಳು ಆ ಕಡೆ ಸುಳಿಯೋದು ಬೇಡ. ಅಷ್ಟು ದಿನ ಯಾರಾದರೂ ಸ್ನೇಹಿತರ ಮನೆಯಲ್ಲಿ ಇರಲಿ.

ಜಾಗ ಹುಡುಕೋದು ರಾತ್ರಿಯ ಕೆಲಸ. ಯುವಿ ಟಾರ್ಚ್ ಅಂತ ಸಿಗುತ್ತೆ, ಇಪ್ಪತ್ತು ಡಾಲರ್ ಒಳಗೆ. ದೀಪವೆಲ್ಲ ಆರಿಸಿ, ಪರದೆ ಎಳೆದು, ಟಾರ್ಚನ್ನು ನೆಲದಿಂದ ಒಂದಡಿ ಮೇಲೆ ಹಿಡಿದು ನಿಧಾನವಾಗಿ ನಡಿ. ಉಚ್ಚೆ ಬಿದ್ದ ಕಡೆ ಮಂಕು ಹಳದಿ ಹಸಿರು ಹೊಳೆಯುತ್ತೆ. ಸೋಪಿನ ಕಲೆ, ಹಲಗೆಯ ಅಂಟು ಕೂಡ ಹೊಳೆಯುತ್ತೆ, ಹಾಗಾಗಿ ಹೊಳೆದಲ್ಲೆಲ್ಲ ಬಗ್ಗಿ ಮೂಸಿ ನೋಡಿ, ಸೀಮೆಸುಣ್ಣದಲ್ಲಿ ಸುತ್ತ ಗೆರೆ ಹಾಕು. ಗೆರೆಯನ್ನು ಕಂಡದ್ದಕ್ಕಿಂತ ಅರ್ಧ ಅಡಿ ಆಚೆಗೇ ಹಾಕು. ನೆಲ ನೋಡಿದ ಮೇಲೆ ಗೋಡೆಗೂ ಬೆಳಕು ಬಿಡು. ಗಂಡು ಬೆಕ್ಕು ನಿಂತು ಹಿಂದಕ್ಕೆ ಚಿಮ್ಮಿಸುತ್ತೆ, ಒಂದಡಿ ಎತ್ತರದಿಂದ ಇಳಿದು ಬೇಸ್‌ಬೋರ್ಡ್ ಹಿಂದೆ ಹೋಗಿರುತ್ತೆ. ನಿಮಗೊಂದು ಅನುಕೂಲ ಇದೆ, ಆ ಕೋಣೆಯ ಕೆಳಗೆ ಬೇಸ್‌ಮೆಂಟು, ಅದಕ್ಕೆ ಸೀಲಿಂಗ್ ಹಾಕಿಲ್ಲ. ಇಳಿದು ಹೋಗಿ ತಲೆ ಎತ್ತಿ ನೋಡು. ಹಲಗೆಯ ಹೊಟ್ಟೆಯಲ್ಲಿ ಕಂದು ನೀರುಗೆರೆ ಕಂಡರೆ ಅದು ಮೇಲಿಂದ ಕೆಳಗೆ ಪೂರ್ತಿ ಇಳಿದಿದೆ ಅಂತ ಅರ್ಥ. ತೊಲೆಯ ಪಕ್ಕೆಗೂ ಇಳಿದಿದೆಯಾ ನೋಡು.

ಸಂಶಯವಿದ್ದ ಜಾಗಕ್ಕೆ ನನ್ನ ಉಪಾಯ ಒಂದಿದೆ. ಸ್ವಲ್ಪ ಬಿಸಿನೀರು ಚಿಮುಕಿಸಿ, ಮೇಲೆ ಸ್ಟೀಲ್ ಬಟ್ಟಲು ಬೋರಲು ಹಾಕಿ ರಾತ್ರಿಯೆಲ್ಲ ಬಿಡು. ಬೆಳಗ್ಗೆ ಹೊರಗಿನ ಗಾಳಿ ಕುಡಿದು ಬಂದು, ಬಟ್ಟಲೆತ್ತಿ ತಕ್ಷಣ ಮೂಸು. ಸುಳ್ಳು ಹೇಳೋದಿಲ್ಲ ಅದು.

ಆಮೇಲೆ ಕಿತ್ತು ಹಾಕೋದು. ಕಾರ್ಪೆಟ್, ಪ್ಯಾಡ್ ಹೋಗಿದೆ ಅಂದೆ. ಅಂಚಿನಲ್ಲಿ ಮೊಳೆ ಚುಚ್ಚಿದ ಉದ್ದನೆಯ ಮರದ ಪಟ್ಟಿ, ಟ್ಯಾಕ್ ಸ್ಟ್ರಿಪ್, ಅದನ್ನು ಬಿಟ್ಟಿದ್ದೀಯಾ? ಬಹಳ ಜನ ಬಿಟ್ಟುಬಿಡ್ತಾರೆ. ಬೆಕ್ಕು ಮೂಲೆ ಹುಡುಕಿಕೊಂಡೇ ಹೋಗೋದು, ಆ ಪಟ್ಟಿ ಮೂಲೆಯಲ್ಲೇ ಇರೋದು. ಮೊಳೆ ತುಕ್ಕು ಹಿಡಿದು ಸುತ್ತ ಮರ ಕಪ್ಪಾಗಿದ್ದರೆ ಕೇಳೋದೇ ಬೇಡ. ಪೂರ್ತಿ ಎಬ್ಬಿಸಿ ತೆಗಿ, ದಪ್ಪ ಕೈಗವಸು ಹಾಕಿಕೋ. ನೆನೆದ ಬೇಸ್‌ಬೋರ್ಡನ್ನೂ ತೆಗಿ. ಅದರ ಹಿಂದಿನ ಡ್ರೈವಾಲ್ ಅಂಚು ಹಳದಿಯಾಗಿ ಮೆತ್ತಗಾಗಿದ್ದರೆ ಕೆಳಗಿನ ನಾಲ್ಕಿಂಚು ಕೊಯ್ದು ಹೊಸದು ಹಾಕಿಸು. ಬೇಸ್‌ಬೋರ್ಡ್ ಬಂದು ಅದನ್ನು ಮುಚ್ಚುತ್ತೆ, ಯಾರಿಗೂ ಕಾಣೋದಿಲ್ಲ.

ಇನ್ನು ತೊಳೆಯೋದು. ಇಲ್ಲಿ ನನ್ನ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಬ್ಲೀಚ್ ಮುಟ್ಟಬೇಡ. ನಮ್ಮವರಿಗೆ ಫಿನಾಯಿಲು, ಬ್ಲೀಚು ಅಂದರೆ ಶುದ್ಧ ಅನ್ನೋ ನಂಬಿಕೆ. ಹಳೇ ಉಚ್ಚೆಯಲ್ಲಿ ಅಮೋನಿಯಾ ಇದೆ, ಅದಕ್ಕೆ ಬ್ಲೀಚ್ ಸೇರಿದರೆ ಕ್ಲೋರಮಿನ್ ಅನ್ನೋ ವಿಷದ ಗಾಳಿ ಏಳುತ್ತೆ, ಎದೆ ಹಿಡಿದುಕೊಳ್ಳುತ್ತೆ. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ನೇ ಏಳುತ್ತೆ. ಸ್ಟೀಮ್ ಯಂತ್ರವೂ ಬೇಡ, ಬಿಸಿಗೆ ಅದು ಇನ್ನೂ ಒಳಗೆ ಇಳಿದು ಕಚ್ಚಿಕೊಳ್ಳುತ್ತೆ.

ಮೊದಲು ಪೊರಕೆ, ವ್ಯಾಕ್ಯೂಮ್. ಆಮೇಲೆ ಎಂಜೈಮ್ ಕ್ಲೀನರ್. ಸಾಕುಪ್ರಾಣಿಗಳ ಅಂಗಡಿಯಲ್ಲಿ ನೇಚರ್ಸ್ ಮಿರಕಲ್ ಮುಂತಾದ ಹೆಸರಿನಲ್ಲಿ ಗ್ಯಾಲನ್ ಕ್ಯಾನಿನಲ್ಲಿ ಸಿಗುತ್ತೆ, ಸಣ್ಣ ಸ್ಪ್ರೇ ಬಾಟಲಿ ತಂದರೆ ಸಾಲೋದಿಲ್ಲ. ಉಚ್ಚೆ ಎಷ್ಟು ಆಳ ಇಳಿದಿದೆಯೋ ಇದೂ ಅಷ್ಟೇ ಆಳ ಇಳಿಯಬೇಕು. ಮೇಲೆ ಮೇಲೆ ಚಿಮುಕಿಸಿ ಒರೆಸಿದರೆ ದುಡ್ಡು ದಂಡ. ಸೀಮೆಸುಣ್ಣದ ಗೆರೆಯೊಳಗೆ ಸುರಿದು, ಬ್ರಷ್ಷಿನಲ್ಲಿ ಹರಡಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡು. ಎಂಜೈಮು ಒದ್ದೆಯಾಗಿ ಇರೋವರೆಗೆ ಮಾತ್ರ ಕೆಲಸ ಮಾಡುತ್ತೆ. ಇದನ್ನು ನಾನು ದೋಸೆ ಹಿಟ್ಟಿಗೆ ಹೋಲಿಸ್ತೀನಿ, ಹುದುಗೋಕೆ ಅದರದೇ ಹೊತ್ತು ಬೇಕು, ನಾವು ಅವಸರ ಮಾಡಿದರೆ ಆಗೋದಿಲ್ಲ. ಮುಚ್ಚಿಟ್ಟು ತೆಗೆದಾಗ ಮೊದಲಿಗಿಂತ ಜೋರಾಗಿ ನಾರಬಹುದು, ಹೆದರಬೇಡ, ಒಳಗಿದ್ದದ್ದು ಒಡೀತಾ ಇದೆ. ನಿಮ್ಮದು ಪ್ಲೈವುಡ್ ಆದ್ದರಿಂದ ಧಾರಾಳವಾಗಿ ಸುರಿ. ಚಕ್ಕೆ ಒತ್ತಿ ಮಾಡಿದ ಒಎಸ್‌ಬಿ ಆಗಿದ್ದರೆ ಕೈ ಬಿಗಿ ಹಿಡಿದು ಸ್ವಲ್ಪ ಸ್ವಲ್ಪವೇ ಮೂರು ಸಲ ಹಾಕಬೇಕಿತ್ತು. ಅದು ನೀರು ಕುಡಿದರೆ ಅಂಚಿನಲ್ಲಿ ಉಬ್ಬಿಕೊಂಡು ಮತ್ತೆ ಇಳಿಯೋದೇ ಇಲ್ಲ.

ವಿನೆಗರ್ ಹಾಕಲಾ ಅಂತ ಕೇಳಿದೆ. ಅಮೋನಿಯಾದ ಘಾಟನ್ನು ಅದು ಸ್ವಲ್ಪ ತಗ್ಗಿಸುತ್ತೆ, ಬುಡ ಕೀಳೋದಿಲ್ಲ. ನಾನಾದರೆ ಹಾಕೋದಿಲ್ಲ. ಎಂಜೈಮ್ ಆಗಿ, ಪೂರ್ತಿ ಆರಿದ ಮೇಲೂ ಎಲ್ಲಾದರೂ ಬೆಕ್ಕಿನ ಘಾಟು ಉಳಿದಿದ್ದರೆ, ಔಷಧಿ ಅಂಗಡಿಯ ಕಂದು ಬಾಟಲಿಯ 3% ಹೈಡ್ರೋಜನ್ ಪೆರಾಕ್ಸೈಡ್ ಹಾಕು. ಗಂಧಕದ ವಾಸನೆಗೆ ಅದು ಒಳ್ಳೆಯದು. ಬುರುಬುರು ನೊರೆ ಬಂದು ತಾನೇ ಆರುತ್ತೆ. ಅದನ್ನು ಯಾವುದರ ಜೊತೆಗೂ ಬೆರೆಸಿ ಬಾಟಲಿಯಲ್ಲಿ ಮುಚ್ಚಿಡಬೇಡ. ಅಡುಗೆ ಸೋಡಾ ಬೆರೆಸಿ ಮುಚ್ಚಳ ಹಾಕಿದರೆ ಬಾಟಲಿ ಸಿಡಿಯುತ್ತೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಆರಿಸೋದು, ಯಾಕೆಂದರೆ ಅದರಲ್ಲಿ ಕೈಗೆ ಕೆಲಸವಿಲ್ಲ, ಸುಮ್ಮನೆ ಕಾಯಬೇಕು. ಎರಡು ಫ್ಯಾನ್, ಒಂದು ಡೀಹ್ಯುಮಿಡಿಫೈಯರ್ ಹಾಕಿ ಕೋಣೆಯ ಬಾಗಿಲು ಮುಚ್ಚು. ಮೂರು ದಿನಕ್ಕೆ ಕೈಗೆ ಒಣಗಿದ ಹಾಗೆ ಅನ್ನಿಸುತ್ತೆ, ನಂಬಬೇಡ. ತೇವ ಅಳೆಯೋ ಮೀಟರಿನ ಎರಡು ಮುಳ್ಳು ಚುಚ್ಚಿ ನೋಡು. ಪ್ಲೈವುಡ್ 12% ಒಳಗೆ ಬರಬೇಕು. ಅದಷ್ಟೇ ಸಾಲದು, ಮೇಲೆ ಹಾಕೋ ಓಕ್ ಹಲಗೆಯ ತೇವಕ್ಕೂ ಇದಕ್ಕೂ ಅಂತರ ಕಡಿಮೆ ಇರಬೇಕು. ಹಲಗೆಯ ಅಗಲ 3 ಇಂಚಿಗಿಂತ ಕಡಿಮೆಯಾದರೆ 4ರ ಅಂತರ ನಡೆಯುತ್ತೆ, ಅದಕ್ಕಿಂತ ಅಗಲವಾದರೆ 2 ದಾಟಬಾರದು. ಒದ್ದೆ ಮೇಲೆ ಒಣ ಹಲಗೆ ಹೊಡೆದರೆ ಓಕ್ ಕೆಳಗಿಂದ ತೇವ ಕುಡಿದು ದೊನ್ನೆಯ ಹಾಗೆ ಅಂಚೆತ್ತಿಕೊಳ್ಳುತ್ತೆ. ಆಗ ವಾಸನೆ ಹೋದರೂ ನೆಲ ಹಾಳು. ಹಲಗೆಯ ಪೆಟ್ಟಿಗೆಗಳನ್ನು ಆ ಒದ್ದೆ ಕೋಣೆಯಲ್ಲಿ ಇಟ್ಟಿದ್ದರೆ ಈಗಲೇ ತೆಗೆದು ಮುಂದಿನ ಹಾಲ್‌ಗೆ ಸಾಗಿಸು.

ಕೆಲವು ಜಾಗ ತೊಳೆದರೆ ಆಗೋದಿಲ್ಲ. ಹಲಗೆ ಪದರ ಬಿಟ್ಟಿದ್ದರೆ, ಸ್ಕ್ರೂಡ್ರೈವರ್ ಚುಚ್ಚಿದಾಗ ಮೆತ್ತಗೆ ಒಳಗೆ ಹೋದರೆ, ಎರಡು ಸಲ ಎಂಜೈಮ್ ಹಾಕಿದ ಮೇಲೂ ಬಟ್ಟಲ ಪರೀಕ್ಷೆಯಲ್ಲಿ ನಾರಿದರೆ, ಅಷ್ಟನ್ನು ಕೊಯ್ದು ತೆಗಿ. ನಮ್ಮನೆಯಲ್ಲಿ ಬಾಗಿಲ ಮುಂದಿನ ತುಂಡನ್ನು ಹಾಗೇ ತೆಗೆದೆವು. ನಿಮ್ಮ ಚಿಕ್ಕಪ್ಪ ಗರಗಸದ ಅಲಗನ್ನು ಸರಿಯಾಗಿ ಮುಕ್ಕಾಲು ಇಂಚಿಗೆ ಇಳಿಸಿಕೊಂಡು ಕೊಯ್ದರು, ಕೆಳಗೆ ವೈರು, ನೀರಿನ ಪೈಪು ಇರುತ್ತೆ ಅಂತ. ನೀನು ಬೇಸ್‌ಮೆಂಟಿಂದ ನೋಡಿಕೊಂಡೇ ಕೊಯ್ಯಬಹುದು. ತೊಲೆ 16 ಇಂಚಿಗೊಂದು ಇರುತ್ತೆ, ತೊಲೆಯ ನಡುಮಧ್ಯಕ್ಕೆ ಕೊಯ್ದರೆ ಹಳೇ ಹಲಗೆಗೂ ಹೊಸದಕ್ಕೂ ಕೂರೋಕೆ ಜಾಗ ಸಿಗುತ್ತೆ. ಸಿಗದ ಅಂಚಿಗೆ ಕೆಳಗಿಂದ ಅಡ್ಡಮರ ಕೊಡು. ಹೊಸ ತುಂಡನ್ನು ಅಂಟು, ಸ್ಕ್ರೂ ಎರಡೂ ಹಾಕಿ ಕೂರಿಸಿ, ಸುತ್ತ ಎಂಟನೇ ಒಂದು ಇಂಚು ಸಂದು ಬಿಡು, ಮರ ಹಿಗ್ಗೋಕೆ. ಹಲಗೆ ತೆಗೆದಾಗ ಬಯಲಾದ ತೊಲೆಯ ತಲೆಯನ್ನು ಒರೆಸಿ ತೊಳೆದು ಆರಿಸೋದು ಮರೀಬೇಡ. ಒಂದು ಹಾಳೆ ಪ್ಲೈವುಡ್ಡಿಗೆ ಬೀಳೋ ದುಡ್ಡು ನೋಡಿ ಹಿಂದೆ ಸರಿಯಬೇಡ. ಓಕ್ ಕಿತ್ತು ಮತ್ತೆ ಹಾಕಿಸೋ ದುಡ್ಡಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಉಳಿದ ನೆಲಕ್ಕೆಲ್ಲ ಕೊನೆಗೆ ಶೆಲ್ಯಾಕ್ ಪ್ರೈಮರ್ ಬಳಿಯಬೇಕು. ಡಬ್ಬದ ಮೇಲೆ ಶೆಲ್ಯಾಕ್ ಅಂತ ಬರೆದಿರಲೇಬೇಕು, ಝಿನ್ಸರ್ ಬಿ-ಐ-ಎನ್ ಅಂತ ಸಿಗುತ್ತೆ, ಅದು ಆಗುತ್ತೆ. ನೀರಿನ ಪೇಂಟ್ ವಾಸನೆಯನ್ನು ತಡೆಯೋದಿಲ್ಲ, ನಾವು ಕಲಿತದ್ದು ಅದನ್ನೇ. ಶೆಲ್ಯಾಕ್ ಅಂದರೆ ಏನು ಗೊತ್ತಾ? ನಮ್ಮ ಅರಗು. ಆ ಡಬ್ಬದ ಮುಚ್ಚಳ ಮೊದಲ ಸಲ ತೆಗೆದಾಗ, ಸ್ಪಿರಿಟ್ಟಿನ ಘಾಟಿನ ಹಿಂದೆ ನನಗೆ ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ವಾಸನೆ ಬಂತು. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗ್ತಿರುತ್ತೆ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡೀತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತೆ, ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡ್ತಾರೆ. ನಾನು ಶಾಲೆಯಿಂದ ಬರೋವಾಗ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಆ ಗೊಂಬೆಯನ್ನು ಮಗು ಬಾಯಿಗಿಟ್ಟು ಜೊಲ್ಲು ಸುರಿಸಿದರೂ ಒಳಗಿನ ಮರಕ್ಕೆ ತೇವ ತಾಗ್ತಿರಲಿಲ್ಲ. ಹುಳು ಕೊಟ್ಟ ಆ ಅಂಟೇ ಇಲ್ಲಿ ಸ್ಪಿರಿಟ್ಟಿನಲ್ಲಿ ಕರಗಿ ಡಬ್ಬಕ್ಕೆ ಬಂದಿದೆ. ಮರದ ಮೇಲೆ ಬಳಿದರೆ ಸ್ಪಿರಿಟ್ ಹಾರಿ ಅರಗಿನ ಪೊರೆ ಉಳಿಯುತ್ತೆ, ಒಳಗೆ ಅಳಿದುಳಿದದ್ದು ಮೇಲೆ ಬರೋದಿಲ್ಲ, ಹೊರಗಿನ ಆಗಸ್ಟ್ ತಿಂಗಳ ತೇವ ಒಳಗೆ ಹೋಗೋದೂ ಕಷ್ಟ.

ಅರಗಿನ ಮನೆಯ ಕಥೆ ನಿನಗೆ ಗೊತ್ತು. ಬೆಂಕಿ ಅಂದರೆ ಇದಕ್ಕೆ ಆಗೋದಿಲ್ಲ, ಒಣಗೋವರೆಗೆ ಅದರ ಆವಿ ಒಂದು ಕಿಡಿ ತಾಗಿದರೂ ಹತ್ತಿಕೊಳ್ಳುತ್ತೆ. ಬೇಸ್‌ಮೆಂಟಿನ ಗ್ಯಾಸ್ ವಾಟರ್ ಹೀಟರಿನಲ್ಲಿ ಸಣ್ಣ ಪೈಲಟ್ ದೀಪ ಸದಾ ಉರೀತಿರುತ್ತೆ, ಬಳಿಯೋ ದಿನ ಬೆಳಗ್ಗೆಯೇ ಅದನ್ನು ಆರಿಸು, ಫರ್ನೇಸೂ ನಿಲ್ಲಿಸು. ಕಿಟಕಿಯೆಲ್ಲ ತೆಗೆದು, ಆವಿ ತಡೆಯೋ ಮಾಸ್ಕ್ ಹಾಕಿಕೋ, ಕೋವಿಡ್ಡಿನ ಬಟ್ಟೆ ಮಾಸ್ಕ್ ಸಾಲದು. ಒಂದು ಕೋಟ್ ಬಳಿದು ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು. ಮೂಲೆ, ಹಲಗೆಗಳ ಸಂದು, ಗೋಡೆ ಬುಡ, ಇಲ್ಲೆಲ್ಲ ಮೊದಲು ಬ್ರಷ್ಷಿನಲ್ಲಿ ತುಂಬಿ ಆಮೇಲೆ ರೋಲರ್ ಹಿಡಿ. ಕೆಳಗಿಂದ ಹಲಗೆಯ ಹೊಟ್ಟೆ ಕಲೆಯಾಗಿತ್ತು ಅಂದರೆ ಬೇಸ್‌ಮೆಂಟಿಗಿಳಿದು ಅಲ್ಲಿಗೂ ಬಳಿ. ತೊಳೆಯದೆ, ಆರಿಸದೆ ಬರೀ ಇದನ್ನೇ ಬಳಿದು ಮುಗಿಸೋಣ ಅಂತ ಅನ್ನಿಸಬಹುದು. ಒದ್ದೆಯ ಮೇಲೆ ಅರಗು ಹಿಡಿಯೋದಿಲ್ಲ, ಸಿಪ್ಪೆ ಏಳುತ್ತೆ. ನಿಮ್ಮದು ಮೊಳೆ ಹೊಡೆದು ಕೂರಿಸೋ ನೆಲ, ಹಾಗಾಗಿ ಪ್ರೈಮರ್ ಮೇಲೆ ಹಾಕೋಕೆ ತೊಂದರೆ ಇಲ್ಲ. ಅಂಟು ಹಾಕಿ ಕೂರಿಸೋದಾಗಿದ್ದರೆ ಅಂಟಿನ ಕಂಪನಿಯವರನ್ನು ಕೇಳಬೇಕಿತ್ತು.

ಓಜೋನ್ ಯಂತ್ರ ಬಾಡಿಗೆಗೆ ಸಿಗುತ್ತೆ, ಒಂದೇ ದಿನದಲ್ಲಿ ಮುಗಿಯುತ್ತೆ ಅಂತ ನಿನ್ನ ಸ್ನೇಹಿತ ಹೇಳಿದ್ದಾನೆ ಅಂದೆ. ಬೇಡಪ್ಪ. ಉಸಿರಾಟಕ್ಕೆ ಕೆಟ್ಟದ್ದು ಅದು, ಗಾಳಿಯಲ್ಲಿರೋದನ್ನು ಮುಟ್ಟಿದರೂ ಪ್ಲೈವುಡ್ಡಿನ ಹೊಟ್ಟೆಯಲ್ಲಿ ಕೂತಿರೋ ಹರಳಿನವರೆಗೆ ಹೋಗೋದಿಲ್ಲ.

ಇನ್ನೊಂದು, ಮುಂದೆ ನೀವೂ ಬೆಕ್ಕು ಸಾಕಬೇಕು ಅಂತಿದ್ದೀರಿ. ಸಾಕಿ. ಒಂದು ಬೆಕ್ಕಿಗೆ ಎರಡು ಮಣ್ಣಿನ ಡಬ್ಬ ಇಡಿ, ಎರಡಕ್ಕೆ ಮೂರು. ಸರಿಯಾಗಿ ಡಬ್ಬಕ್ಕೆ ಹೋಗ್ತಿದ್ದ ಬೆಕ್ಕು ಇದ್ದಕ್ಕಿದ್ದ ಹಾಗೆ ನೆಲದ ಮೇಲೆ ಮಾಡಿದರೆ ಬೈದು ಅಟ್ಟಬೇಡಿ, ಅದಕ್ಕೇನೋ ನೋವಿದೆ ಅಂತ ತಿಳಿದು ಡಾಕ್ಟರ ಹತ್ತಿರ ಒಯ್ಯಿರಿ. ಅದರಲ್ಲೂ ಗಂಡು ಬೆಕ್ಕು ಪದೇ ಪದೇ ಕೂತು ಹನಿಯೂ ಬರ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿದೆ ಅಂತ ಅರ್ಥ. ಅವತ್ತೇ, ಆ ಗಂಟೆಯೇ ಹೋಗಬೇಕು. ಕಾದರೆ ಜೀವ ಉಳಿಯೋದಿಲ್ಲ. ಮಗು ಬರೋವರೆಗೆ ಬೆಕ್ಕಿನ ಡಬ್ಬ ಬಳಿಯೋ ಕೆಲಸ ನಿನ್ನದು, ಅವಳದಲ್ಲ. ಬೆಕ್ಕಿನ ಹೇಲಿನಿಂದ ಬಸುರಿಯರಿಗೆ ಟಾಕ್ಸೋಪ್ಲಾಸ್ಮಾ ಅನ್ನೋ ಸೋಂಕು ತಗಲಬಹುದು.

ನಿಮ್ಮ ಚಿಕ್ಕಪ್ಪನ ತೇವದ ಮೀಟರು, ನನ್ನ ಯುವಿ ಟಾರ್ಚು, ಎರಡನ್ನೂ ಇವತ್ತು ಪಾರ್ಸೆಲ್ ಮಾಡಿದ್ದೀನಿ, ಗುರುವಾರದ ಹೊತ್ತಿಗೆ ತಲುಪುತ್ತೆ. ಮೀಟರಿಗೆ 9 ವೋಲ್ಟಿನ ಚೌಕದ ಬ್ಯಾಟರಿ ಬೇಕು, ಹಳೇದು ಸತ್ತಿದೆ, ನೀನೇ ತಂದು ಹಾಕಿಕೋ. ಮುಳ್ಳು ಚೂಪಾಗಿದೆ, ಡಬ್ಬಿ ತೆಗೆಯೋವಾಗ ಬೆರಳು ಜೋಪಾನ. ಶನಿವಾರ ರಾತ್ರಿ ಟಾರ್ಚ್ ಹಿಡಿದು ಗೆರೆ ಹಾಕಿದ ಮೇಲೆ ವಿಡಿಯೋ ಕಾಲ್ ಮಾಡು, ಎಷ್ಟು ಹೊತ್ತಾದರೂ ಎದ್ದಿರ್ತೀನಿ, ಕೂತು ನೋಡೋಣ ಎಲ್ಲೆಲ್ಲಿ ಕೊಯ್ಯಬೇಕು ಅಂತ.